ಅದುಮಿದರೆ ಬಾಯಿ ಬಿಡುವ ಕಪ್ಪೆ

ಚಳಿಗಾಲ ಇನ್ನೂ ಪೂರ್ತಿ ಹೊರಟಿರಲಿಲ್ಲ. ಬೆಳಿಗ್ಗೆ ಹೊದ್ದುಬಂದ ಶಾಲನ್ನು ಮಧ್ಯಾಹ್ನ ಎಲ್ಲಿಡುವುದೆಂದು ತೋಚದ ದಿನಗಳು. ಸಂಜೆ ನಾಲ್ಕೂವರೆಯ ಹೊತ್ತು. ಶಾಲೆಯ ಕೊನೆಯ ಗಂಟೆ ಹೊಡೆದು, ಮಕ್ಕಳ ಗದ್ದಲವೆಲ್ಲ ಬೀದಿಯ ಆ ತುದಿಗೆ ಹೋಗಿ ಕರಗಿದ ಮೇಲೆ, ಬೂಟು ರಿಪೇರಿಯವನ ಹೆಂಡತಿ ಎಂದಿನಂತೆ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಳು. ಎಂದಿನಂತೆ ಗಿರಾಕಿಗಳು ಕೂರುವ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಕೂತಳು. ಎಂದಿನಂತೆ, ಸೊಂಟ ಬಿದ್ದುಹೋಯಿತು ಎಂದಳು.

ಅಂಗಡಿ ಎಂದರೆ ಶಾಲೆಯ ಗೋಡೆಗೆ ಎದುರಾಗಿ, ಬೀದಿಯ ಈಚೆ ಬದಿಯಲ್ಲಿ, ಒಬ್ಬ ಕೂತು ಇನ್ನೊಬ್ಬ ನಿಲ್ಲುವಷ್ಟು ಜಾಗ. ಅದರ ಹಿಂದೆ ಒಂದು ಬಾಗಿಲು, ಬಾಗಿಲಾಚೆ ಎರಡು ಕೋಣೆ, ಅದೇ ಮನೆ. ಅಂಟಿನ ವಾಸನೆ ಯಾವುದು, ಅಡುಗೆಯ ವಾಸನೆ ಯಾವುದು ಎಂದು ಬೇರೆ ಮಾಡಲು ಬಾರದಷ್ಟು ಕಾಲ ಗಂಡ ಹೆಂಡತಿ ಇಬ್ಬರೂ ಅಲ್ಲಿ ಬಾಳಿದ್ದರು. ಮಕ್ಕಳಾಗಲಿಲ್ಲ. ಮೊದಮೊದಲು ಅದಕ್ಕೆ ಅತ್ತರು, ಆಮೇಲೆ ಆ ಮಾತನ್ನೇ ಬಿಟ್ಟರು. ಬಿಟ್ಟ ವರ್ಷವೇ ಅವಳು ಎದುರಿನ ಶಾಲೆಗೆ ಆಯಾ ಆಗಿ ಸೇರಿದ್ದು.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಪುಟ್ಟ ಮಕ್ಕಳ ದೊಡ್ಡ ಕೋಣೆಗೆ ಮರದ ನೆಲ. ಹೊರಗಿನ ಬೂಟು ಒಳಗೆ ಬರಕೂಡದು. ಬಾಗಿಲಲ್ಲಿ ಬೂಟು ಬಿಚ್ಚಿ, ಲಾಡಿ ಹಾಕಿದ ಬಟ್ಟೆ ಚೀಲದಲ್ಲಿ ತುಂಬಿ, ಚೀಲದ ಬಾಯಿ ಬಿಗಿದು, ಅವರವರ ಕೊಕ್ಕೆಗೆ ತಗುಲಿಸಬೇಕು. ಆಟಕ್ಕೆ ಬಿಟ್ಟಾಗ, ಊಟಕ್ಕೆ ಬಿಟ್ಟಾಗ, ಮನೆಗೆ ಬಿಟ್ಟಾಗ ಮತ್ತೆ ಚೀಲ ಬಿಚ್ಚು, ಬೂಟು ಹಾಕು, ಲೇಸು ಕಟ್ಟು. ಕಟ್ಟುವುದು ಆ ವಯಸ್ಸಿನ ಬೆರಳಿಗೆ ಬರುವ ವಿದ್ಯೆಯಲ್ಲ. ಅದಕ್ಕೇ ಬಾಗಿಲ ಪಕ್ಕದಲ್ಲಿ ಒಂದು ಗಿಡ್ಡ ಮಣೆ, ಮಣೆಯ ಮೇಲೆ ಇವಳು. ಒಂದೊಂದೇ ಮಗು ಬಂದು ಇವಳ ಮಂಡಿಯ ಮೇಲೆ ಕಾಲಿಡಬೇಕು. "ಕಾಲು ಕೊಡು ರಾಜ, ಆ ಕಾಲಲ್ಲಪ್ಪ, ಇನ್ನೊಂದು ಕಾಲು" ಎಂದು ಇವಳು ಎರಡು ಸುತ್ತು ಸುತ್ತಿ ಗಂಟು ಹಾಕಿ, ಬೂಟಿನ ಮೂತಿಗೆ ಒಂದು ಏಟು ತಟ್ಟಿ ಕಳಿಸಬೇಕು. ಮಕ್ಕಳು ಅವಳಿಗೆ ಗಂಟಮ್ಮ ಎಂದು ಹೆಸರಿಟ್ಟಿದ್ದವು. ಅವಳ ನಿಜವಾದ ಹೆಸರು ಟೀಚರುಗಳಿಗೂ ಮರೆತುಹೋಗಿತ್ತು.

ಕಾಲು ಇನ್ನೊಬ್ಬರ ಮಂಡಿಯ ಮೇಲಿದ್ದಾಗ ಮಗುವಿನ ಬಾಯಿ ತಾನಾಗಿ ಬಿಚ್ಚುತ್ತದೆ. ಹಲ್ಲು ಅಲ್ಲಾಡುತ್ತಿರುವುದು, ಅಜ್ಜಿ ಗೊರಕೆ ಹೊಡೆಯುವುದು, ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದದ್ದು, ಎಲ್ಲ ಗಂಟಮ್ಮನ ಮಡಿಲಿಗೆ ಬರುತ್ತಿತ್ತು. ಅದೂ ಸಾಲದೆ, ಬೆಳಿಗ್ಗೆ ಮನೆಯಿಂದ ಬಂದ ಗಂಟು ನೋಡಿಯೇ ಅವಳು ಅರ್ಧ ಸುದ್ದಿ ಹೇಳಿಬಿಡುತ್ತಿದ್ದಳು. ಆ ದಪ್ಪ ಕೆನ್ನೆಯವನ ಬೂಟಿಗೆ ಇವತ್ತು ಹಸು ಕಟ್ಟುವ ಗಂಟು ಬಿದ್ದಿದೆ, ಅಂದರೆ ಅಪ್ಪ ಕಟ್ಟಿದ್ದಾನೆ, ಅಂದರೆ ಅಮ್ಮ ತವರಿಗೆ ಹೋಗಿದ್ದಾಳೆ, ಸಿಟ್ಟು ಮಾಡಿಕೊಂಡು ಹೋಗಿದ್ದಾಳೋ ಸುಮ್ಮನೆ ಹೋಗಿದ್ದಾಳೋ ನಾಳೆ ಗೊತ್ತಾಗುತ್ತದೆ. ಇದನ್ನೆಲ್ಲ ಸಂಜೆ ಗಂಡನ ಎದುರು ಸ್ಟೂಲಿನ ಮೇಲೆ ಕೂತು ಬಿಡಿಸುತ್ತಿದ್ದಳು. ಆದರೆ ಸುದ್ದಿಗೆ ಮೊದಲು ಸೊಂಟ. ಸೊಂಟದ ನೋವು ಹೇಳದೆ ಮಾತು ಶುರುವಾಗುತ್ತಿರಲಿಲ್ಲ.

"ದಿನಾ ಇಷ್ಟು ಜನರ ಕಾಲು ಹಿಡೀತೀನಿ," ಎನ್ನುವಳು. "ದೇವರ ಕಾಲು ಇಷ್ಟು ಹಿಡಿದಿದ್ರೆ ಒಂದು ವರಾನಾದ್ರೂ ಕೊಟ್ಟು ಕಳಿಸ್ತಿದ್ದ."

ಗಂಡ ಹೂಂ ಎನ್ನುವನು. ಅವನ ಬಾಯಲ್ಲಿ ಸದಾ ಮೊಳೆ. ತುಟಿಗಳ ನಡುವೆ ಸಣ್ಣ ಮೊಳೆ ಕಚ್ಚಿಕೊಂಡು ಒಂದೊಂದೇ ತೆಗೆದು ಹೊಡೆಯುವುದು ಆ ಕೆಲಸದ ರೂಢಿ. ಮೊಳೆ ಕಚ್ಚಿದವನು ಮಾತಾಡುವಂತಿಲ್ಲ. ಮೊಳೆ ಇಲ್ಲದಾಗಲೂ ಅವನು ಮಾತಾಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಪಕ್ಕದ ಛತ್ರಿ ರಿಪೇರಿಯವನು ಇವನ ಮದುವೆಯ ಕಾಲದಿಂದಲೂ ಇದನ್ನು ಹೇಳಿ ನಗುತ್ತಿದ್ದ: ದೇವರು ಇವನಿಗೆ ಕೊಡಬೇಕಾದ ಮಾತನ್ನೂ ಇವನ ಹೆಂಡತಿಯ ಚೀಲಕ್ಕೇ ಸುರಿದುಬಿಟ್ಟಿದ್ದಾನೆ.

ಹೆಂಡತಿಗೆ ಮಾತು ಬಹಳ, ಆದರೆ ನೆಟ್ಟಗಿನ ಮಾತಲ್ಲ. ಬೇಕಾದ್ದನ್ನು ಬೇಕು ಎಂದು ಕೇಳಿದವಳಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಅಂಗಡಿಯೊಂದರ ಮುಂದೆ ನಿಂತು, ಆ ಹಸಿರು ಶಾಲು ಯಾರಾದರೂ ಹೊದೆಯುವ ಬಣ್ಣವೇ ಎಂದು ಮೂಗು ಮುರಿದಿದ್ದಳು. ಅವನು ಮಾರನೆಯ ದಿನವೇ ಹೋಗಿ ಅದನ್ನು ತಂದುಕೊಟ್ಟ. ಅವಳು ಬೈಯುತ್ತಲೇ ಹೊದ್ದಳು, ಹರಿಯುವವರೆಗೂ ಹೊದ್ದಳು. ಆಗ ಅವನಿಗೆ ಅವಳ ಭಾಷೆ ಬರುತ್ತಿತ್ತು. ಇಷ್ಟು ವರ್ಷ ಒಟ್ಟಿಗಿದ್ದ ಮೇಲೆ ಅದನ್ನು ಕಿವಿಗೊಟ್ಟು ಕೇಳುವ ಅಗತ್ಯವಿಲ್ಲ ಎಂದು ಅವನಿಗೆ ಯಾವಾಗ ಅನಿಸಿತೋ ಅವನಿಗೇ ತಿಳಿಯದು.

ಆ ಸಂಜೆಯ ಸುದ್ದಿ ಗುಬ್ಬಿಯದು. ಗುಬ್ಬಿ ಎಂದರೆ ಪುಟ್ಟ ತರಗತಿಯಲ್ಲೇ ಎಲ್ಲರಿಗಿಂತ ಪುಟ್ಟ ಹುಡುಗಿ. ಜಾರುಬಂಡೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು, ಮೊಣಕೈವರೆಗೆ ಪಟ್ಟಿ ಹಾಕಿಸಿಕೊಂಡು ಬಂದಿದ್ದಾಳೆ. ಬಂದವಳಿಗೆ ಅದೇನು ಹಟ ಹಿಡಿದಿದೆಯೋ, ಯಾರೂ ತನ್ನನ್ನು ಮುಟ್ಟಕೂಡದು, ತನ್ನ ಬೂಟು ತಾನೇ ಕಟ್ಟಬೇಕು. ಕಟ್ಟಲಾಗದೆ ಲೇಸನ್ನು ಹಲ್ಲಲ್ಲಿ ಕಚ್ಚಿ ಎಳೆದು, ಅಳುತ್ತಾ ನೆಲದ ಮೇಲೆ ಬಿದ್ದುಕೊಂಡಳಂತೆ. ಗಂಟಮ್ಮ ಎಷ್ಟು ಕರೆದರೂ ಕಾಲು ಕೊಡಲಿಲ್ಲವಂತೆ.

"ಒಂದು ಕೈಯಲ್ಲಿ ಹಾಕೋ ಗಂಟು ಅಂತ ಒಂದಿದ್ದಿದ್ರೆ," ಎಂದಳು ಹೆಂಡತಿ, ಸೊಂಟ ಒತ್ತಿಕೊಳ್ಳುತ್ತಾ. "ಆ ಕೂಸಿಗೂ ಸಮಾಧಾನ, ನನಗೂ ಒಂದು ಕಾಲು ಕಮ್ಮಿ."

ಅವನು ಹೂಂ ಎಂದ. ಆದರೆ ಈ ಸಲ ಕೈಯಲ್ಲಿದ್ದ ಸುತ್ತಿಗೆ ಒಂದು ಕ್ಷಣ ನಿಂತಿತು.

ಮಾರನೆಯ ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಎಸೆಯಬೇಕಾಗಿದ್ದ ಒಂದು ಬೂಟಿನ ಹಿಮ್ಮಡಿಯಿಂದ ಹೆಬ್ಬೆರಳ ತುದಿಯಷ್ಟು ರಬ್ಬರು ಕೊಯ್ದುಕೊಂಡ. ದಬ್ಬಳವನ್ನು ಕೆಂಪಗೆ ಕಾಯಿಸಿ ಅದರಲ್ಲಿ ಎರಡು ತೂತು ಸುಟ್ಟ. ಲೇಸಿನ ಎರಡು ತುದಿಯನ್ನೂ ತೂರಿಸಿ ನೋಡಿದರೆ, ಆ ರಬ್ಬರಿನ ಗುಂಡಿ ಮೇಲಿಂದ ಕೆಳಕ್ಕೆ ಮಳೆಹನಿಯ ಹಾಗೆ ಜಾರಿತು, ಹಿಡಿತವೇ ಇಲ್ಲ. ಇನ್ನೊಂದಕ್ಕೆ ತೂತು ಸಣ್ಣದು ಮಾಡಿದ. ಹಿಡಿತವೇನೋ ಬಂತು, ಆದರೆ ಸರಿಸಲು ಪೈಲ್ವಾನನೇ ಬರಬೇಕು. ಎರಡು ದಿನ ಅದನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತ. ಆಮೇಲೆ ತೂತಿನ ಬದಲು ಚಾಕುವಿನ ತುದಿಯಿಂದ ಎರಡು ಸೀಳು ಬಿಟ್ಟ. ರಬ್ಬರನ್ನು ಎರಡು ಬದಿಯಿಂದ ಬೆರಳಲ್ಲಿ ಅದುಮಿದರೆ ಸೀಳು ಬಾಯಿ ಬಿಡುತ್ತದೆ, ಲೇಸು ಸಲೀಸಾಗಿ ಜಾರುತ್ತದೆ. ಬೆರಳು ತೆಗೆದರೆ ಬಾಯಿ ಮುಚ್ಚಿ ಲೇಸನ್ನು ಕಚ್ಚಿಕೊಳ್ಳುತ್ತದೆ. ಕಟ್ಟುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಅದನ್ನು ಹೆಂಡತಿಯ ಕೈಗೆ ಕೊಟ್ಟಾಗ ಅವಳು ಅದುಮಿ, ಬಿಟ್ಟು, ಮತ್ತೆ ಅದುಮಿ, ಕಪ್ಪೆ ಕಣ್ರೀ ಇದು ಎಂದು ನಕ್ಕಳು. ಹೆಸರಿಟ್ಟವಳು ಅವಳೇ. ಶಾಲೆಗೆ ಕೊಂಡುಹೋದವಳೂ ಅವಳೇ.

ಪಟ್ಟಿಯಿಂದ ಇಣುಕುತ್ತಿದ್ದ ಎರಡು ಬೆರಳಿನಲ್ಲಿ ಲೇಸಿನ ತುದಿ ಹಿಡಿದು, ಇನ್ನೊಂದು ಕೈಯಿಂದ ಕಪ್ಪೆಯನ್ನು ಅದುಮಿ ಕೆಳಕ್ಕೆ ತಳ್ಳಿ, ಗುಬ್ಬಿ ತನ್ನ ಬೂಟನ್ನು ತಾನೇ ಬಿಗಿದುಕೊಂಡಳು. ಆಮೇಲೆ ಕೋಣೆಯ ತುಂಬ ಒಂದು ಸುತ್ತು ಓಡಿದಳು, ನಂಗೆ ಬಂತು ನಂಗೆ ಬಂತು ಎಂದು. ಆ ಸಂಜೆ ಹೆಂಡತಿ ಸೊಂಟದ ಮಾತಿಗೆ ಮೊದಲೇ ಈ ಸುದ್ದಿ ಹೇಳಿದಳು. ಅವಳ ಕಣ್ಣು ಮಿನುಗುತ್ತಿತ್ತು. ಬೂಟು ರಿಪೇರಿಯವನಿಗೆ ಆವತ್ತು ಊಟ ರುಚಿಯಾಯಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು.

ಗುಬ್ಬಿಗೆ ಕಪ್ಪೆ ಸಿಕ್ಕ ಮೇಲೆ ದಪ್ಪ ಕೆನ್ನೆಯವನಿಗೂ ಬೇಕಾಯಿತು. ಅವನಿಗೆ ಕೊಟ್ಟ ಮೇಲೆ ಅವನ ಗೆಳೆಯನಿಗೆ. ಅವುಗಳನ್ನೆಲ್ಲ ಹೆಂಡತಿಯೇ ನಗುತ್ತಾ ಒಯ್ದುಕೊಟ್ಟಳು. ಒಂದು ಮಧ್ಯಾಹ್ನ ಶಾಲೆಯ ದೊಡ್ಡ ಟೀಚರ್ ತಾವೇ ಬೀದಿ ದಾಟಿ ಬಂದು, ಅಂಗಡಿಯ ಗಿಡ್ಡ ಚಾವಣಿಗೆ ತಲೆ ತಾಗದಂತೆ ಬಗ್ಗಿ ಒಳಗೆ ನಿಂತರು. ಕೈಯಲ್ಲಿ ಒಂದು ಕಪ್ಪೆ.

"ಯಜಮಾನ್ರೇ, ಇದನ್ನ ನೀವೇ ಮಾಡಿದ್ದಾ?"

ಅವನು ಬಾಯಿಂದ ಮೊಳೆ ತೆಗೆದು ಹೌದೆಂದ.

"ಎಷ್ಟು ಸರಳವಾಗಿದೆ ನೋಡಿ. ನಮಗ್ಯಾರಿಗೂ ಹೊಳೀಲೇ ಇಲ್ಲ. ನಿಮ್ಮ ತಲೆ ದೊಡ್ಡದು."

ಅವರು ಇನ್ನೂ ಏನೇನೋ ಹೇಳಿದರು. ಮಕ್ಕಳು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು ಎನ್ನುವುದು ಶಾಲೆಯ ಆಸೆಯೆಂದೂ, ಬೂಟಿಗೂ ಚೀಲದ ಲಾಡಿಗೂ ಎಲ್ಲ ಮಕ್ಕಳಿಗೂ ಒಂದೊಂದು ಮಾಡಿಕೊಟ್ಟರೆ ದೊಡ್ಡ ಉಪಕಾರವೆಂದೂ, ಪಾಪ, ಆಯಮ್ಮನಿಗೂ ಬಗ್ಗಿ ಬಗ್ಗಿ ಸೊಂಟ ನೋವಲ್ಲವೇ ಎಂದೂ ಹೇಳಿದರು. ಅವನ ಕಿವಿಗೆ ನಿಂತದ್ದು ಮೊದಲಿನ ಮಾತು. ಬೂಟು ರಿಪೇರಿಯವನನ್ನು ಯಾರು ಹೊಗಳುತ್ತಾರೆ? ಚೆನ್ನಾಗಿ ಹೊಲಿದರೆ ಹೊಲಿಗೆ ಕಾಣುವುದಿಲ್ಲ, ಕಾಣಿಸಿದರೆ ಬೈಗುಳ. ಅವನ ತಲೆಯ ಮಾತನ್ನು ಅದುವರೆಗೆ ಎತ್ತಿದವನು ಛತ್ರಿ ರಿಪೇರಿಯವನೊಬ್ಬನೇ, ಅದೂ ಕೂದಲು ಉದುರಿದ ವಿಷಯಕ್ಕೆ.

ಆ ಸಂಜೆ ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಾಗ ಅವನು ವಿಷಯ ಹೇಳಿದ. ಎಲ್ಲ ಮಕ್ಕಳಿಗೂ ಬೇಕಂತೆ, ಮಾಡಲೇ ಎಂದು ಕೇಳಿದ. ಸೌಟು ಪಾತ್ರೆಯ ಅಂಚಿಗೆ ತಾಗುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

"ನಿಮ್ಮ ರಬ್ಬರು, ನಿಮ್ಮ ಕೈ," ಎಂದಳು ಅವಳು, ತಿರುಗದೆ. "ನನ್ನನ್ನ ಯಾಕೆ ಕೇಳ್ತೀರಾ?"

ಆ ಮನೆಯಲ್ಲಿ ಅದಕ್ಕೆ ಬೇಡ ಎಂದು ಅರ್ಥ. ಹಸಿರು ಶಾಲು ತಂದ ಕಾಲದ ಗಂಡನಾಗಿದ್ದರೆ ಚಾಕುವನ್ನು ಅಲ್ಲೇ ಕೆಳಗಿಡುತ್ತಿದ್ದ. ಆದರೆ ಅವನ ಕಿವಿಯಲ್ಲಿ ಇನ್ನೂ ದೊಡ್ಡ ಟೀಚರ ಮಾತು ಗುಂಯ್‌ಗುಡುತ್ತಿತ್ತು. ಒಪ್ಪಿದಳು ಎಂದುಕೊಂಡ. ಅವಳಿಗೆ ಬಗ್ಗುವುದು ತಪ್ಪುತ್ತದಲ್ಲ ಎಂದೂ ಅಂದುಕೊಂಡ. ಅದು ಸುಳ್ಳಾಗಿರಲಿಲ್ಲ. ಅವಳ ಸೊಂಟದ ಮೇಲೆ ಅವನಿಗೆ ನಿಜವಾಗಿಯೂ ಮರುಕವಿತ್ತು. ಹಾಗಿದ್ದರಿಂದಲೇ ಅವನಿಗೆ ತನ್ನ ಮೇಲೆ ಅನುಮಾನ ಬರಲಿಲ್ಲ.

ಬೇಸಿಗೆ ಕಾಲಿಡುವ ಹೊತ್ತಿಗೆ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಬೂಟುಗಳೆಲ್ಲ ಹಿಮ್ಮಡಿ ಕಳೆದುಕೊಂಡು ಕುಂಟಾಗಿದ್ದವು. ಬುಟ್ಟಿಯಲ್ಲಿ ಕಪ್ಪೆಗಳು. ಕಪ್ಪು ಸಾಕೆನಿಸಿ ಹುಡುಗಿಯರಿಗೆಂದು ಕೆಂಪು ರಬ್ಬರು ಹುಡುಕಿ ತಂದ; ಅಂಚು ಚುಚ್ಚದಂತೆ ಒಂದೊಂದನ್ನೂ ಉಜ್ಜಿ ನುಣುಪು ಮಾಡಿದ. ಛತ್ರಿ ರಿಪೇರಿಯವನು ಬಂದು ಬುಟ್ಟಿಗೆ ಕೈ ಹಾಕಿ, ಒಂದನ್ನು ಅದುಮಿ ನೋಡಿದ.

"ಏನಯ್ಯಾ, ನಿನ್ನ ಹೆಂಡತಿ ಮಾಡೋ ಕೆಲಸಾನೆಲ್ಲ ಇದೇ ಮಾಡುತ್ತಲ್ಲ? ಮಳೆ ನಿಲ್ಲಿಸೋ ಮೆಷಿನ್ನು ನಾನು ಮಾಡಿದ ಹಾಗಾಯ್ತು ಇದು."

ಬೂಟು ರಿಪೇರಿಯವನು ನಕ್ಕ. ಅವನು ಜೋರಾಗಿ ನಗುವುದು ಅಪರೂಪ. ನಗುತ್ತಲೇ ಇನ್ನೊಂದು ಕಪ್ಪೆಗೆ ಸೀಳು ಬಿಟ್ಟ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಹಾಗೆ.

ಎಲ್ಲ ಮಕ್ಕಳಿಗೂ ಕಪ್ಪೆ ಹಾಕಿಸಿದ ದಿನ ದೊಡ್ಡ ಟೀಚರ್ ಅವನನ್ನೂ ಕರೆಸಿದರು. ಮರದ ನೆಲದ ಕೋಣೆಯಲ್ಲಿ ಅವನಿಗೊಂದು ಕುರ್ಚಿ. ಬರಿಗಾಲಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತ. ಊಟದ ಗಂಟೆ ಹೊಡೆಯಿತು. ಮಕ್ಕಳು ಕೊಕ್ಕೆಯಿಂದ ಚೀಲ ಎಳೆದುಕೊಂಡವು, ಅದುಮಿದವು, ಬಾಯಿ ಬಿಚ್ಚಿದವು, ಬೂಟಿಗೆ ಕಾಲು ತೂರಿಸಿದವು, ಅದುಮಿದವು, ತಳ್ಳಿದವು. ನೋಡನೋಡುತ್ತಿದ್ದಂತೆ ಕೋಣೆ ಖಾಲಿ. ಬಾಗಿಲಾಚೆ ಅಂಗಳದಲ್ಲಿ ಒಂದೇ ಗದ್ದಲ. ಟೀಚರುಗಳು ಚಪ್ಪಾಳೆ ತಟ್ಟಿದರು. ಅವನು ಮಕ್ಕಳ ಕಾಲನ್ನೇ ನೋಡುತ್ತಿದ್ದ. ಒಂದಾದರೂ ಸಡಿಲಾಗಿ ಜಾರುತ್ತದೆಯೋ ಎಂದು. ಒಂದೂ ಜಾರಲಿಲ್ಲ.

ಬಾಗಿಲ ಪಕ್ಕದ ಗಿಡ್ಡ ಮಣೆಯ ಮೇಲೆ ಹೆಂಡತಿ ಕೂತಿದ್ದಳು. ಅಭ್ಯಾಸಬಲದಿಂದ ಮಂಡಿಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಕಾಲಿಡಲು ಜಾಗ ಮಾಡಿ ಕೂತಿದ್ದಳು. ಅದು ಅವನ ಕಣ್ಣಿಗೆ ಬಿದ್ದಿತ್ತು. ಬಿದ್ದದ್ದು ಮನಸ್ಸಿಗೆ ಇಳಿದದ್ದು ಮಾತ್ರ ಬಹಳ ತಡವಾಗಿ, ಅವಳಿಲ್ಲದ ಮನೆಯಲ್ಲಿ ಅವನು ಒಬ್ಬನೇ ಉಣ್ಣಲು ಕೂತಿದ್ದಾಗ.

ಅಲ್ಲಿಂದ ಸಂಜೆಯ ಮಾತು ಕಡಿಮೆಯಾಯಿತು. ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು, ಸ್ವಲ್ಪ ಹೊತ್ತು ಬೀದಿ ನೋಡುತ್ತಿದ್ದಳು, ಎದ್ದು ಒಳಗೆ ಹೋಗುತ್ತಿದ್ದಳು. ಸೊಂಟದ ಮಾತೇ ಇಲ್ಲ. ನೋವು ವಾಸಿಯಾಗಿದೆ ಎಂದು ಅವನು ಒಳಗೊಳಗೇ ಹಿಗ್ಗಿದ. ಛತ್ರಿ ರಿಪೇರಿಯವನ ಹತ್ತಿರ ಅದನ್ನು ಹೇಳಿಯೂ ಹೇಳಿದ. ಮಾತು ಬೆಳ್ಳಿ ಮೌನ ಬಂಗಾರ ಎಂದು ಬದುಕಿದವನು, ಮನೆಗೆ ಬಂಗಾರ ಬಂದಿದೆ ಎಂದೇ ತಿಳಿದ. ಒಂದು ದಿನ ಅವನು ಮತ್ತೆ ರಬ್ಬರು ಕೊಯ್ಯುತ್ತಿದ್ದುದನ್ನು ನೋಡಿ ಅವಳು ಬಾಗಿಲಲ್ಲಿ ನಿಂತಳು. ಇನ್ನು ಸಾಕಲ್ಲವೇ ಎಂದು ಮೆಲ್ಲಗೆ ಕೇಳಿದಳು. ಮೇಲಿನ ತರಗತಿಯವರು ಇನ್ನೂ ಇದ್ದಾರೆ ಎಂದ ಅವನು. ಅವಳು ಅಷ್ಟು ನೆಟ್ಟಗೆ ಕೇಳಿದ್ದು ಅದೇ ಮೊದಲು. ಅದೂ ಅವನಿಗೆ ಹೊಳೆಯಲಿಲ್ಲ.

ಸ್ವಲ್ಪ ದಿನದಲ್ಲೇ ದೊಡ್ಡ ಟೀಚರ್ ಅವಳನ್ನು ಮಹಡಿಯ ಕೆಲಸಕ್ಕೆ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ. ಮಣೆಯ ಮೇಲೆ ಸುಮ್ಮನೆ ಕೂತಿರುವುದಕ್ಕಿಂತ ಮೇಲೆ ಬೀರುಗಳ ಧೂಳು ಒರೆಸಿ, ನಕ್ಷೆ, ಗೋಳ, ಸಂಗೀತದ ಪೆಟ್ಟಿಗೆಗಳನ್ನು ಓರಣ ಮಾಡಿಕೊಂಡಿದ್ದರೆ ಅವಳಿಗೂ ಹಗುರ ಎಂದುಕೊಂಡರು. ಮಹಡಿಗೆ ಮಕ್ಕಳು ಬರುತ್ತಿರಲಿಲ್ಲ. ಗಿಡ್ಡ ಮಣೆಯನ್ನು ಯಾರೋ ಗಿಡದ ಕುಂಡ ಇಡಲು ತೆಗೆದುಕೊಂಡರು.

ಆ ಸಂಜೆ ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು.

"ಇವತ್ತು ಮೆಟ್ಟಿಲ ಹತ್ರ ಗುಬ್ಬಿ ಸಿಕ್ಕಿದ್ಳು. ಕೈಪಟ್ಟಿ ಬಿಚ್ಚಿದ್ದಾರೆ. ನಮಸ್ತೆ ಆಂಟಿ ಅಂದ್ಳು."

ಅವನು ತಲೆಯೆತ್ತಿದ.

"ಗಂಟಮ್ಮ ಅನ್ನಲಿಲ್ಲ. ಆಂಟಿ ಅಂದ್ಳು. ಪಾಪ, ಕೂಸಿಂದೇನು ತಪ್ಪು? ಮಕ್ಕಳು ಮರೀಬೇಕು, ಮರೆತ್ರೇನೇ ಬೆಳೆಯೋದು." ಅವಳ ದನಿ ಸಮವಾಗಿಯೇ ಇತ್ತು. "ಆದ್ರೆ ನಿಮ್ಮನ್ನ ಒಂದು ಕೇಳ್ತೀನಿ. ಸೊಂಟ ನೋವು ಅಂತಿದ್ದೆ, ಹೌದು. ಆ ಕೆಲಸ ಬಿಡಿಸಿ ಅಂತ ಯಾವತ್ತಾದ್ರೂ ಅಂದಿದ್ನಾ?"

ಬೂಟು ರಿಪೇರಿಯವನ ಬಾಯಲ್ಲಿ ಮೊಳೆ ಇತ್ತು. ಅವನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. ಅಷ್ಟು ಹೊತ್ತಿಗೆ ಅವಳು ಒಳಗೆ ಹೋಗಿಯಾಗಿತ್ತು.

ಆ ರಾತ್ರಿ ಅವನಿಗೆ ಎಲ್ಲ ತಿಳಿಯಿತು. ಆ ನೋವು ಅವಳ ದುಡಿಮೆಯ ಹೆಮ್ಮೆ. ಹೆತ್ತವಳು ಮಕ್ಕಳ ಕಾಟವನ್ನು ಹೇಳಿಕೊಂಡು ಗೊಣಗುವ ಹಾಗೆ ಅವಳು ಗೊಣಗುತ್ತಿದ್ದಳು; ಆ ಗೊಣಗುವ ಸುಖ ಅವಳಿಗೆ ಸಿಕ್ಕಿದ್ದು ಆ ಮಣೆಯ ಮೇಲೆ ಮಾತ್ರ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಇನ್ನೂ ಕಾಲ ಮಿಂಚಿಲ್ಲ ಎಂದುಕೊಂಡ. ದೊಡ್ಡ ಟೀಚರ ಬಳಿ ಹೋಗಿ, ಅಮ್ಮಾ, ಆ ಕಪ್ಪೆಗಳನ್ನು ವಾಪಸು ಕೊಡಿ, ನನ್ನ ಹೆಂಡತಿಯನ್ನು ಆ ಮಣೆಯ ಮೇಲೆ ಕೂರಿಸಿ ಎಂದು ಹೇಳಬೇಕು. ಎರಡೇ ಮಾತು. ಬೆಳಿಗ್ಗೆ ಎದ್ದು ಅದನ್ನು ಬಾಯಿಪಾಠ ಮಾಡಿಕೊಂಡ. ಹೆಂಡತಿ ಹೊರಡುವ ಮೊದಲು, ನಾನೂ ಶಾಲೆಗೆ ಬರುತ್ತೇನೆ, ಅವರ ಹತ್ತಿರ ಮಾತಾಡುತ್ತೇನೆ ಎಂದ. ಅವಳು ಅವನ ಮುಖವನ್ನೇ ನೋಡಿದಳು. ತಲೆ ಬಾಚಿಕೊಂಡು ಹೋಗಿ ಎಂದಳು. ಮೆಟ್ಟಿಲಿಳಿಯುವಾಗ ಅವಳ ಹೆಜ್ಜೆ ಹಗುರಾಗಿತ್ತು.

ದೊಡ್ಡ ಟೀಚರ ಕೋಣೆಯಲ್ಲಿ ಬೇರೆ ಶಾಲೆಯಿಂದ ಬಂದ ಇಬ್ಬರು ಕೂತಿದ್ದರು. ಇವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ದೊಡ್ಡ ಟೀಚರ್ ಎದ್ದು ನಿಂತರು. ನೋಡಿ, ನಾನು ಹೇಳಿದೆನಲ್ಲ, ಇವರೇ ಎಂದರು. ಬಂದವರು ಇಬ್ಬರೂ ಎದ್ದು ಕೈ ಮುಗಿದರು. ಇವನಿಗೆ ಕುರ್ಚಿ ಹಾಕಿದರು. ಕಪ್ಪೆಯನ್ನು ಕೈಯಿಂದ ಕೈಗೆ ದಾಟಿಸಿ, ಅದುಮಿ, ಬಿಟ್ಟು, ಬೆರಗಾದರು. ತಮ್ಮ ಶಾಲೆಗೂ ಬೇಕು ಎಂದರು. ಸೀಳಿನ ಯೋಚನೆ ಹೇಗೆ ಬಂತು ಎಂದು ಕೇಳಿದರು. ಬೂಟು ರಿಪೇರಿಯವನು ಹೇಳಿದ. ಮೊದಲನೆಯದು ಜಾರಿದ್ದು, ಎರಡನೆಯದು ಬಿಗಿಯಾದದ್ದು, ಎಲ್ಲ ಹೇಳಿದ. ಹೆಂಡತಿಯ ಮುಂದೆ ಒಂದು ದಿನಕ್ಕೂ ಅಷ್ಟು ಮಾತಾಡಿದವನಲ್ಲ. ಬಾಯಿಪಾಠ ಮಾಡಿಕೊಂಡು ಬಂದ ಎರಡು ಮಾತು ಹಾಗೇ ಉಳಿದಿದ್ದವು. ಹೇಳಬೇಕು, ಈಗ ಹೇಳಬೇಕು ಎನ್ನುವಷ್ಟರಲ್ಲಿ ದೊಡ್ಡ ಟೀಚರ್, ನೀವು ಬಂದ ವಿಷಯ ಏನು ಯಜಮಾನ್ರೇ ಎಂದು ತಾವಾಗಿಯೇ ಕೇಳಿದರು.

"ಏನಿಲ್ಲ ಅಮ್ಮ," ಎಂದ ಅವನು. "ಇನ್ನೂ ಬೇಕಾ ಅಂತ ಕೇಳೋಕೆ ಬಂದೆ."

ಬಾಯಿಂದ ಬಿದ್ದ ಮಾತು. ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

ಅವರು ಶಾಲೆಯ ಉಗ್ರಾಣದಲ್ಲಿದ್ದ ಹಳೆಯ ರಬ್ಬರು ಹಾಸನ್ನು ಸುರುಳಿ ಸುತ್ತಿಸಿ, ಇದರಲ್ಲೇ ಮಾಡಿಕೊಡಿ ಎಂದು ಅವನ ಹೆಗಲಿಗೆ ಹೊರಿಸಿದರು. ಅದನ್ನು ಹೊತ್ತುಕೊಂಡು ಅವನು ಅಂಗಳ ದಾಟುವಾಗ ಮಹಡಿಯ ಕಿಟಕಿಯಲ್ಲಿ ಹೆಂಡತಿ ಬಟ್ಟೆ ಕೊಡವುತ್ತಾ ನಿಂತಿದ್ದಳು. ಅವನನ್ನು ನೋಡಿದಳು. ಹೆಗಲ ಮೇಲಿನ ಸುರುಳಿಯನ್ನು ನೋಡಿದಳು. ಕಿಟಕಿ ಮುಚ್ಚಿದಳು.

ಸಂಜೆ ಅವಳು ಅದರ ಬಗ್ಗೆ ಕೇಳಲಿಲ್ಲ. ಬೈದಿದ್ದರೆ ಅವನಿಗೆ ಒಂದು ದಾರಿ ಇರುತ್ತಿತ್ತು. ಸುರುಳಿಯನ್ನು ಅವನು ಬಾಗಿಲ ಹಿಂದೆ ನಿಲ್ಲಿಸಿದ್ದ. ಅವಳು ಅದನ್ನು ಒಂದಿಷ್ಟು ಸರಿಸಿ ಪೊರಕೆ ತೆಗೆದುಕೊಂಡಳು, ಗುಡಿಸಿದಳು, ಮತ್ತೆ ಅಲ್ಲೇ ನಿಲ್ಲಿಸಿದಳು.

ಅವಳ ತಂಗಿ ದೂರದ ಊರೊಂದರಲ್ಲಿ, ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕುವ ಮನೆಯಲ್ಲಿ ಅಡುಗೆಗಿದ್ದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಅಲ್ಲೇ ಉಳಿಯುವಂಥವರು ಬೇಕು ಎಂದು ತಂಗಿ ಬಹಳ ದಿನದಿಂದ ಹೇಳಿಕಳಿಸುತ್ತಿದ್ದಳು. ಇವಳು ಪ್ರತಿ ಸಲವೂ ನಕ್ಕು, ನನ್ನ ಮಕ್ಕಳನ್ನು ಯಾರಿಗೆ ಬಿಟ್ಟುಬರಲಿ ಎಂದು ಉತ್ತರ ಕಳಿಸುತ್ತಿದ್ದಳು. ಆ ವಾರ ಛತ್ರಿ ರಿಪೇರಿಯವನ ಫೋನಿನಿಂದ ಮಾತಾಡಿ, ಬರುತ್ತೇನೆ ಎಂದುಬಿಟ್ಟಳು. ಅದನ್ನು ಗಂಡನಿಗೆ ಊಟದ ಹೊತ್ತಿನಲ್ಲಿ ಹೇಳಿದಳು. ಅವನು ತುತ್ತು ಕೈಯಲ್ಲಿ ಹಿಡಿದು ಕೂತ. ಬೇಡ ಎನ್ನಲು ಯಾವ ಬಾಯಿ? ಹೋಗು ಎನ್ನಲು ಯಾವ ಬಾಯಿ? ಹೂಂ ಎಂದ.

ಹೊರಡುವ ದಿನ, ಬುಧವಾರ ಬೆಳಿಗ್ಗೆ, ಅವನು ಅವಳ ಚಪ್ಪಲಿಯ ಬಾರನ್ನು ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟ. ಅವಳು ಹಾಕಿಕೊಂಡು ನೆಲಕ್ಕೆ ಒಮ್ಮೆ ಒತ್ತಿ ನೋಡಿದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದಳು, ಆದರೆ ಹೊರಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಎದುರಿನ ಶಾಲೆಯಲ್ಲಿ ಬೆಳಗಿನ ಗಂಟೆ ಹೊಡೆಯಿತು, ಗೇಟು ಮುಚ್ಚಿದರು, ಬೀದಿ ಖಾಲಿಯಾಯಿತು.

"ಅಲ್ಲಿ ಮಕ್ಕಳು ತುಂಬಾ ಇದ್ದಾವಂತೆ," ಎಂದಳು ಕೊನೆಗೆ, ಬೀದಿಯನ್ನು ನೋಡುತ್ತಾ. "ಬೂಟು, ಚಪ್ಪಲಿ ಎಲ್ಲಾ ಹರಿದು ಹಾಕ್ತಾವಂತೆ. ರಿಪೇರಿಗೆ ಯಾರೂ ಸಿಗಲ್ಲ ಅಂತಿದ್ಳು ತಂಗಿ."

"ಎಲ್ಲಾ ಕಡೆ ಹರಿಯುತ್ತೆ," ಎಂದ ಅವನು.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮೆಟ್ಟಿಲಿಳಿದಳು.

ಅವಳು ತನ್ನನ್ನು ಕರೆದಳು ಎಂದು ಅವನಿಗೆ ತಿಳಿಯುವ ಹೊತ್ತಿಗೆ ಬಸ್ಸು ಎಷ್ಟೋ ಊರು ದಾಟಿತ್ತು. ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟು ಎದ್ದೂ ಎದ್ದ. ಆದರೆ ಗಿರಾಕಿಯೊಬ್ಬ ಬಂದ, ಆಮೇಲೆ ಇನ್ನೊಬ್ಬ, ಆಮೇಲೆ ಬೇರೆ ಶಾಲೆಯವರು. ಹೋಗೋಣ, ಮಳೆ ನಿಲ್ಲಲಿ ಎಂದುಕೊಂಡ. ಮಳೆ ನಿಂತ ಮೇಲೆ, ಕರೆಯದೆ ಹೋಗುವುದು ಹೇಗೆ ಎಂದುಕೊಂಡ. ಹೀಗೆಯೇ ಕಾಲ ಹೋಯಿತು. ಅವನು ಆ ಊರಿಗೆ ಹೋಗಲಿಲ್ಲ, ಅವಳೂ ಇನ್ನೊಮ್ಮೆ ಕರೆದವಳಲ್ಲ. ಈಗಲೂ ಯಾರಾದರೂ ಹೆಂಡತಿಯೆಲ್ಲಿ ಎಂದು ಕೇಳಿದರೆ ಅವನು ಬಾಯಿಂದ ಮೊಳೆ ತೆಗೆದು, ಅಷ್ಟನ್ನು ಮಾತ್ರ ತಪ್ಪದೆ ಹೇಳುತ್ತಾನೆ: ಹೋದವಳು ಅವಳು, ಅಂಗಡಿ ತೆರೆದೇ ಇತ್ತು, ಅವತ್ತು ಬುಧವಾರ.